ಚೀಲ ಅಗ್ಗ, ಸಾಗಾಟ ದುಬಾರಿ

ಅಮೆರಿಕದಲ್ಲಿ ಮನೆ ರಿಪೇರಿಯ ಕಸಕ್ಕೆ ಬ್ಯಾಗ್‌ಸ್ಟರ್ ಅನ್ನೋ ಹಸಿರು ಚೀಲ ಸಿಗುತ್ತೆ. 3,300 ಪೌಂಡ್, ಅಂದ್ರೆ ಸುಮಾರು ಒಂದೂವರೆ ಟನ್ ತುಂಬಬಹುದು. ಚೀಲ ಅಗ್ಗ, ಎತ್ತಿಕೊಂಡು ಹೋಗೋದಕ್ಕೆ ಅದರ ಹಲವು ಪಟ್ಟು ದುಡ್ಡು. ಸುಲಿಗೆ ಅನ್ನೋರಿದ್ದಾರೆ. ನನಗೆ ಅದು ಪ್ರಾಮಾಣಿಕ ಬಿಲ್ ಅನ್ನಿಸುತ್ತೆ.

ಬೆಂಗಳೂರಲ್ಲಿ ನಾವು ಬಾತ್‌ರೂಮ್ ಒಡೆಸಿದರೆ, ಹಳೇ ಟೈಲ್ಸನ್ನ ಸಿಮೆಂಟ್ ಚೀಲಕ್ಕೆ ತುಂಬಿಸಿ ಮೇಸ್ತ್ರಿ ಕೈಗೆ ದುಡ್ಡಿಡ್ತೀವಿ. ರಾತ್ರಿ ಗಾಡಿ ಬರುತ್ತೆ. ಎಲ್ಲಿಗೆ ಅಂತ ಕೇಳಲ್ಲ; ಕೇಳಿದರೆ ರೇಟು ಏರುತ್ತೆ. ಕಟ್ಟಡ ತ್ಯಾಜ್ಯದ ಹೊಣೆ ಅದನ್ನು ಹುಟ್ಟಿಸಿದವರದೇ ಅಂತ 2016ರ ಕೇಂದ್ರ ನಿಯಮವೇ ಹೇಳಿತ್ತು. (ನಮ್ಮೂರಲ್ಲಿ ಕೆಡವಿದ ಮಣ್ಣಿನ ಗೋಡೆ ಹೊಸ ಗೋಡೆಗೇ ಸೇರ್ತಿತ್ತು. ಟೈಲ್ಸಿಗೆ ಆ ಭಾಗ್ಯ ಇಲ್ಲ.)

ಕೆರೆಯಂಚಲ್ಲಿ ರಾಶಿ ಕಂಡಾಗ ಗಾಡಿಯವನನ್ನು ಬೈತೀವಿ. ಆದರೆ ನಾವು ಚೌಕಾಸಿ ಮಾಡಿ ಕೊಟ್ಟ ದುಡ್ಡಲ್ಲಿ ಅವನು ಊರಾಚೆ ಮರುಬಳಕೆ ಘಟಕದವರೆಗೆ ಡೀಸೆಲ್ ಸುಡೋಕಾಗುತ್ತಾ? ಈ ಲೆಕ್ಕಕ್ಕೆ ಎಕ್ಸೆಲ್ ಬೇಕಿಲ್ಲ.