ಅಂಕದ ಹಬ್ಬವೋ, ಕಾಯಕದ ಹಬ್ಬವೋ?

ಏಪ್ರಿಲ್ ತಿಂಗಳಲ್ಲಿ ಶಾಲೆಯ ವರ್ಷವು ಮುಗಿದು ಬೇಸಗೆಯ ರಜೆಯು ಮೊದಲಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಗೃಹಸ್ಥರ ಮನೆಗಳಲ್ಲಿ ಆ ದಿನಗಳಿಗೆ ಸಲ್ಲುವ ಕೆಲವು ಸಂಪ್ರದಾಯಗಳುಂಟು. ಮಕ್ಕಳು ತೇರ್ಗಡೆಯಾದರೆಂದು ನೆರೆಹೊರೆಯವರಿಗೆ ಸಕ್ಕರೆ ಹಂಚುವರು, ಒಬ್ಬಟ್ಟು ಮಾಡುವರು, ಮಾವಿನ ಕಾಲವನ್ನು ಕಳೆಯಲು ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹುವರು, ಹಳೆಯ ನೋಟುಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಮುಂದಿನ ವರ್ಷಕ್ಕೆ ಇರಿಸುವರು. ಇವೆಲ್ಲವೂ ಸರಳವಾದ, ಹಿತಕರವಾದ ನಡೆಗಳು. ಆದರೆ ಇವುಗಳ ಜೊತೆಯಲ್ಲಿ ಇನ್ನೊಂದು ಪದ್ಧತಿಯೂ ಬೆಳೆದಿದೆ. ಇಷ್ಟು ಅಂಕ ಬಂದರೆ ಸೈಕಲ್ಲು, ಅಷ್ಟು ಬಂದರೆ ಮೊಬೈಲು, ಬಾರದಿದ್ದರೆ ಏನೂ ಇಲ್ಲವೆಂದು ತಂದೆತಾಯಿಗಳು ಮೊದಲೇ ಮಾತು ಕೊಡುತ್ತಾರೆ. ಇದು ಶರಣಧರ್ಮಕ್ಕೆ ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ.

ಒಂದು ಮನೆಯಲ್ಲಿ ಇಬ್ಬರು ಮಕ್ಕಳಿರುವರೆನ್ನೋಣ. ಅಕ್ಕನಿಗೆ ಮೊದಲ ದರ್ಜೆ ದೊರೆಯಿತು. ತಮ್ಮನು ಎರಡು ವಿಷಯಗಳಲ್ಲಿ ಹಿಂದೆ ಬಿದ್ದನು. ಅಕ್ಕನಿಗಾಗಿ ಮಾಡಿದ ಒಬ್ಬಟ್ಟನ್ನು ತಮ್ಮನ ಎಲೆಗೆ ಬಡಿಸುವಾಗ “ನಿನಗೇಕೆ?” ಎಂಬ ಒಂದು ಮಾತು ಬಂದರೆ ಸಾಕು, ಆ ಊಟವು ಅವನ ಗಂಟಲಲ್ಲಿ ಇಳಿಯದು. ಲಿಂಗಕ್ಕೆ ಅರ್ಪಿತವಾದುದು ಪ್ರಸಾದ. ಪ್ರಸಾದದ ಪಂಕ್ತಿಯಲ್ಲಿ ಮೇಲು ಕೀಳೆಂಬುದಿಲ್ಲ. ಕುಲದ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ ಧರ್ಮದ ಮನೆಯೊಳಗೆ, ಒಂದೇ ತಾಯಿಯ ಮಕ್ಕಳ ನಡುವೆ ಅಂಕದ ಭೇದವು ತಲೆಯೆತ್ತುವುದು ಉಚಿತವೇ?

ಭೇದವೆಣಿಸದಿದ್ದರೆ ಮಕ್ಕಳು ಶ್ರಮಪಡುವರೇ ಎಂದು ಕೆಲವರು ಕೇಳುವರು. ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಶರಣರು ಸೋಮಾರಿತನವನ್ನು ಮನ್ನಿಸಿದವರಲ್ಲ. ಆದರೆ ಕಾಯಕದಲ್ಲಿನ ಕೊರತೆಯನ್ನು ಕಾಯಕದಲ್ಲಿಯೇ ತಿದ್ದಬೇಕಲ್ಲದೆ ಅನ್ನದಲ್ಲಿಯೂ ಅಕ್ಕರೆಯಲ್ಲಿಯೂ ತಿದ್ದಬಾರದು. ಈ ಸೀಮೆಯ ರೇಷ್ಮೆ ಬೆಳೆಗಾರನು ಇದನ್ನು ತನ್ನ ಕಸುಬಿನಿಂದಲೇ ಬಲ್ಲನು. ಒಂದೇ ತಟ್ಟೆಯ ಹುಳುಗಳೆಲ್ಲವೂ ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲ. ಹಣ್ಣಾದವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾನೆ. ಹಿಂದುಳಿದವಕ್ಕೆ ಇನ್ನೂ ಸೊಪ್ಪು ಹಾಕಿ ಕಾಯುತ್ತಾನೆ. ತಡವಾಯಿತೆಂದು ಸೊಪ್ಪನ್ನು ನಿಲ್ಲಿಸಿದರೆ ಗೂಡು ಕಟ್ಟುವುದೆಂತು? ಹಿಂದೆ ಬಿದ್ದ ತಮ್ಮನಿಗೆ ಬೇಕಾದುದು ರಜೆಯ ದಿನಗಳಲ್ಲಿ ತಂದೆಯೋ ಅಕ್ಕನೋ ಪಕ್ಕದಲ್ಲಿ ಕುಳಿತು ಕಲಿಸುವ ಒಂದು ಗಳಿಗೆ.

ಮುಂದೆ ಬಂದ ಮಗುವಿಗೂ ಈ ಪದ್ಧತಿಯಿಂದ ಹಾನಿಯುಂಟು. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳೆಂಬುದು ಸರ್ವವಿದಿತವು. ದುಡಿಮೆಯಲ್ಲಿ ಆಸೆಯು ಹೊಕ್ಕರೆ ಕಾಯಕವು ಕೆಡುವುದೆಂಬುದನ್ನು ಆ ತಾಯಿಯು ಕಂಡಿದ್ದಳು. ಸೈಕಲ್ಲಿಗಾಗಿ ಓದಿದ ಮಗುವಿನ ಕಣ್ಣು ಪುಸ್ತಕದ ಮೇಲಿರದೆ ಸೈಕಲ್ಲಿನ ಮೇಲಿರುವುದು. ಅದು ದೊರೆತ ಮೇಲೆ ಓದಿನ ರುಚಿಯು ಉಳಿಯುವುದೆಂದು ಹೇಳಲಾಗದು. ಮಗುವಿಗೆ ಸೈಕಲ್ಲು ಬೇಕಿದ್ದರೆ ಕೊಡಿಸಲಿ. ಅದನ್ನು ಅಂಕದ ಬೆಲೆಯಾಗಿ ಮಾಡದಿರಲಿ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಬಾಳು ಈ ಸೀಮೆಯ ಕಣ್ಣೆದುರಿಗೇ ಇದೆ. ಜಾತಿಮತಗಳನ್ನೆಣಿಸದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಅವರು ಉಚಿತವಾಗಿ ನೀಡಿದರು. ಆ ದಾಸೋಹದಲ್ಲಿ ಅಂಕವನ್ನು ಕೇಳಿ ಅನ್ನವನ್ನು ಬಡಿಸುವ ಕ್ರಮವಿಲ್ಲ. ಮಠದಲ್ಲಿ ನಡೆಯುವ ಧರ್ಮವು ಮನೆಯಲ್ಲಿಯೂ ನಡೆಯಬೇಡವೇ?

ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯು ಬೇಸಗೆಯ ರಜೆಯಲ್ಲಿಯೇ ಬರುತ್ತದೆ. ಶಾಲೆಯ ವರ್ಷ ಮುಗಿದ ಸಂತೋಷವನ್ನು ಆ ದಿನದೊಡನೆ ಕೂಡಿಸಬಹುದು. ಮನೆಯ ಮಕ್ಕಳೆಲ್ಲರೂ ಒಟ್ಟಿಗೆ ಕುಳಿತು ಲಿಂಗಪೂಜೆ ಮಾಡಲಿ. ಓದಿ ಮುಗಿಸಿದ ಪುಸ್ತಕಗಳನ್ನು ಬೇಕಾದ ಮಗುವಿಗೆ ತಾವೇ ಹೋಗಿ ಕೊಟ್ಟುಬರಲಿ. ಅದೇ ಅವರ ಮೊದಲ ದಾಸೋಹವಾಗುವುದು. ಅಕ್ಷರ ಕಲಿಸಿದ ಗುರುಗಳನ್ನು ಕಂಡು ವಂದಿಸಲಿ. ಆಮೇಲೆ ಒಬ್ಬಟ್ಟು ಎಲ್ಲರ ಎಲೆಗೂ ಒಂದೇ ಬಗೆಯಾಗಿ ಬೀಳಲಿ. ಒಂದು ವರ್ಷದ ಕಾಯಕವು ಮುಗಿದುದಕ್ಕೆ ಆ ಹಬ್ಬವು ಸಲ್ಲುವುದು. ತಮ್ಮನೂ ಆ ವರ್ಷವೆಲ್ಲ ಶಾಲೆಗೆ ನಡೆದವನೇ ಆಗಿರುವನೆಂಬುದನ್ನು ಸದ್ಭಕ್ತರು ಮರೆಯಬಾರದು.