ಹುಲಿವಾಹನನಿಗೊಂದು ನಿವೇದನೆ

ಏಳುಮಲೆಯ ಒಡೆಯ, ಹುಲಿಯೇರಿ ಬರುವ ಮಾದಪ್ಪ, ಈ ಸಲ ನನ್ನ ಮನೆಯ ಕಷ್ಟ ಹೇಳಿಕೊಳ್ಳಲು ಬಂದಿಲ್ಲ. ಒಡಿಶಾದ ಸಿಮಿಲಿಪಾಲ್ ಕಾಡಿನ ಹುಲಿಗಳ ಪರವಾಗಿ ಬಂದಿದ್ದೇನೆ. ಅವಕ್ಕೆ ನಿನ್ನ ಪರಿಚಯವಿಲ್ಲ. ನಿನಗೆ ಹುಲಿಯ ಪರಿಚಯವಿದೆ, ಅಷ್ಟು ಸಾಕು.

ಅಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು ಹುಲಿಗಳು ಕಪ್ಪು. ಪೂರಾ ಕಪ್ಪಲ್ಲ, ಪಟ್ಟೆಗಳು ಅಗಲಗೊಂಡು ಒಂದಕ್ಕೊಂದು ಕೂಡಿಕೊಂಡು, ಕೇಸರಿ ಬಣ್ಣ ಪಕ್ಕೆಯ ಮೇಲೆ ಅಲ್ಲೊಂದು ಇಲ್ಲೊಂದು ಗೀರಾಗಿ ಉಳಿದಿರುತ್ತದೆ. ಕೈಮುಗಿಯಬೇಕೆನ್ನಿಸುವ ಚೆಲುವು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಉಮಾ ರಾಮಕೃಷ್ಣನ್ ಮತ್ತವರ ತಂಡ 2021ರಲ್ಲಿ ಇದರ ಗುಟ್ಟು ಬಿಡಿಸಿತು: ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಬದಲಾದ ಪ್ರತಿ ಬಂದರಷ್ಟೇ ಮರಿ ಕಪ್ಪು. ಬೇರೆ ಕಾಡುಗಳ ಹುಲಿಗಳಲ್ಲಿ ಹುಡುಕಿದರೂ ಸಿಗದ್ದು ಇಲ್ಲಿ ತುಂಬಿಕೊಂಡಿದೆ; ಹೊರಗಿನ ಕೊಂಡಿ ಕಳಚಿದ ಕೆಲವೇ ಹುಲಿಗಳ ಸಂತಾನ ಒಳಗೊಳಗೇ ಕೂಡಿ ಬೆಳೆದಿದೆ.

ನಿನ್ನ ಒಕ್ಕಲಿನವರು ಸಂಬಂಧ ಕೂಡಿಸುವಾಗ ಬೆಡಗು, ಅಂದರೆ ಕುಲದ ಕವಲು, ಬೇರೆಯೇ ಎಂದು ಮೊದಲು ಕೇಳುತ್ತಾರೆ. ಹುಲಿಗೂ ಆ ಕಟ್ಟಳೆಯುಂಟು: ಪ್ರಾಯಕ್ಕೆ ಬಂದ ಗಂಡು ತಾಯಿಯ ಸೀಮೆ ಬಿಟ್ಟು ದೂರ ನಡೆಯುತ್ತದೆ. ನಡೆಯಲು ಕಾಡೇ ಇಲ್ಲದಿದ್ದರೆ?

ಕಪ್ಪು ಬಣ್ಣ ರೋಗವಲ್ಲ, ಬಲ್ಲೆ. ಆದರೆ ಕಣ್ಣಿಗೆ ಬೀಳದ, ಬಸಿರು ನಿಲ್ಲಗೊಡದ, ಜಡ್ಡಿಗೆ ಬಗ್ಗಿಸುವ ಜೀನ್ ಬದಲಾವಣೆಗಳೂ ಇದರ ಹಾಗೆಯೇ ಜೋಡಿಯಾಗುತ್ತಿರಬಹುದು. ನನ್ನ ಭಯ ಅದು. ಅಲ್ಲಿನ ಸರ್ಕಾರವೋ 2024ರಲ್ಲಿ ಕಪ್ಪು ಹುಲಿ ಸಫಾರಿ ತೆರೆಯುವುದಾಗಿ ಸಾರಿತು. ಒಂಟಿತನಕ್ಕೆ ಟಿಕೆಟ್ ಇಡುವುದು ನನಗೆ ಸರಿಬರಲಿಲ್ಲ.

ಅದೇ ವರ್ಷ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಸೊಸೆಯರಾಗಿ ತಂದರು. ಒಳ್ಳೆಯ ಕೆಲಸ. ಜೀನತ್ ಮಾತ್ರ ಒಲ್ಲೆನೆಂದು ಜಾರ್ಖಂಡ್ ದಾಟಿ ಬಂಗಾಳ ಸೇರಿದಳು. ಡಿಸೆಂಬರ್‌ನಲ್ಲಿ ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸು ತಂದರು. ಅವಳ ಮೇಲೆ ಮುನಿಯಬೇಡ. ಸಂದುಗೊಂದು ಸಿಕ್ಕರೂ ಹುಲಿ ಎಷ್ಟು ದೂರ ಹೋದೀತೆಂದು ತೋರಿಸಿದವಳು ಅವಳೇ.

ಕಪ್ಪು ಅಳಿಯಲಿ ಎಂದು ಕೇಳುತ್ತಿಲ್ಲ. ವಾಹನದಲ್ಲಿ ಬಂದ ರಕ್ತ ಮುಂದೆ ಕಾಲ್ನಡೆಯಲ್ಲಿ ಬರಲಿ. ಗಣಿ, ಹೆದ್ದಾರಿಗಳ ನಡುವೆ ಹುಲಿ ನುಸುಳುವಷ್ಟು ಕಾಡು ಬಿಡುವ ಬುದ್ಧಿ ಕೊಡು. 2025ರ ಜೂನ್‌ನಲ್ಲಿ ನಿನ್ನ ಬೆಟ್ಟದಲ್ಲೇ ಒಂದು ತಾಯಿ, ನಾಲ್ಕು ಮರಿ ವಿಷಕ್ಕೆ ಹೋದವು. ವಿಷವಿಡುವ ಕೈಗಳನ್ನೂ ತಡೆ. ಇನ್ನು, ನಿನ್ನ ಮುಂದೆ ಆಡಬಾರದ ಮಾತು, ಹೊಟ್ಟೆಗೆ ಹಾಕಿಕೋ: ಸಿಮಿಲಿಪಾಲ್‌ನಿಂದ ಲ್ಯಾಬಿಗೆ ಬರುವ ಹುಲಿ ಹಿಕ್ಕೆಯಲ್ಲಿ ತಾಡೋಬಾದ ವಂಶ ಕಾಣಿಸಲಿ.