ಶಕ್ತಿಯನ್ನರಿತ ತಪಸ್ಸು

ದಶಲಕ್ಷಣ ಪರ್ವದಲ್ಲಿ ಮಧುಮೇಹವುಳ್ಳ ಹಿರಿಯರು ನಿರಾಹಾರ ಉಪವಾಸವನ್ನು ಕೈಗೊಳ್ಳಬಹುದೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ಇನ್ಸುಲಿನ್ ಪಡೆಯುವವರು ಆಹಾರವನ್ನು ತ್ಯಜಿಸಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು; ಔಷಧವನ್ನೇ ಬಿಟ್ಟರೆ ಅದು ಏರಿ ಪ್ರಾಣಾಪಾಯವಾಗಬಹುದು. ಪ್ರಜ್ಞೆಯೇ ಇಲ್ಲದೆಡೆ ಸಾಮಾಯಿಕವೆಲ್ಲಿ, ಸ್ವಾಧ್ಯಾಯವೆಲ್ಲಿ?

ಹಾಗೆಂದು ತಪಸ್ಸಿನ ಬಾಗಿಲು ಅವರಿಗೆ ಮುಚ್ಚಿಲ್ಲ. ತತ್ತ್ವಾರ್ಥಸೂತ್ರವು ಹೇಳುವ 6 ಬಾಹ್ಯ ತಪಗಳಲ್ಲಿ ಅನಶನ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ರಸಪರಿತ್ಯಾಗಗಳೂ ಅಲ್ಲಿವೆ. ಷೋಡಶಭಾವನೆಗಳಲ್ಲಿಯೂ ತಪಸ್ಸಿಗೆ ಶಕ್ತಿಯೇ ಮಿತಿ. ವೈದ್ಯರ ಸಲಹೆಯಂತೆ ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು, ತುಪ್ಪವನ್ನು ತೊರೆಯುವುದೂ ತಪಸ್ಸೇ.

ಉಪವಾಸಗಳ ಸಂಖ್ಯೆಯನ್ನು ಸಭೆಯಲ್ಲಿ ಸಾರಿ ಸನ್ಮಾನಿಸುವ ನಾವು ಇದನ್ನು ಮರೆಯಬಾರದು. ಬಂಡವಾಳ ಮೀರಿದ ದಾನ ಸಾಲವಾಗುತ್ತದೆ. ಶಕ್ತಿ ಮೀರಿದ ತಪಸ್ಸು ಮಾನಕಷಾಯವಾದೀತು.